ಆರೋಗ್ಯವಂತರ ಪಟ್ಟಿಯಲ್ಲಿ ನನ್ನ ಕೂದಲು

ಹೆಲ್ಸಿಂಕಿಯಿಂದ ತುರ್ಕುವಿಗೆ

ಫಿನ್‌ಲ್ಯಾಂಡಿನಲ್ಲಿ ನಾನು ಮಾಡಿದ ಮೊದಲ ತಪ್ಪೆಂದರೆ ಬಸ್ಸಿನಲ್ಲಿ ಒಬ್ಬ ಮುದುಕಿಯ ಪಕ್ಕ ಕುಳಿತದ್ದು. ಅರ್ಧಕ್ಕಿಂತ ಹೆಚ್ಚು ಸೀಟು ಖಾಲಿ ಇದ್ದವು. ಆದರೆ ನಾನು ಗಜೇಂದ್ರಗಡದಿಂದ ರೋಣಕ್ಕೆ ಬಸ್ಸಿನಲ್ಲಿ ಓಡಾಡಿ ಬೆಳೆದವಳು. ಒಂಟಿ ಹೆಂಗಸು ಬಸ್ಸು ಹತ್ತಿದರೆ ಕಣ್ಣು ತಾನಾಗಿಯೇ ಇನ್ನೊಬ್ಬ ಹೆಂಗಸನ್ನು ಹುಡುಕುತ್ತದೆ. ಮುದುಕಿ ತನ್ನ ಚೀಲವನ್ನು ತೊಡೆಯ ಮೇಲೆ ಎತ್ತಿಕೊಂಡು, ಕಿಟಕಿಯ ಕಡೆ ಒಂದು ಗೇಣು ಸರಿದು, ಎರಡು ತಾಸು ಹೊರಗಿನ ಕಾಡನ್ನೇ ನೋಡುತ್ತ ಕುಳಿತಳು. ನಾನು ಶೇಂಗಾ ಉಂಡೆ ತೆಗೆದು ಕೊಟ್ಟೆ. ಬೇಡವೆನ್ನಲು ಆಕೆಗೆ ಸಂಕೋಚವಾಯಿತೇನೋ, ತೆಗೆದುಕೊಂಡಳು. ತಿನ್ನಲಿಲ್ಲ. ಇಳಿಯುವಾಗಲೂ ಅದನ್ನು ಮುಷ್ಟಿಯಲ್ಲಿ ಹಿಡಿದೇ ಇಳಿದಳು.

ಅಲ್ಲಿ ಯಾರೂ ಯಾರ ಪಕ್ಕದಲ್ಲೂ ಕಾರಣವಿಲ್ಲದೆ ಕೂರುವುದಿಲ್ಲ ಎಂದು ಆಮೇಲೆ ತಿಳಿಯಿತು. ನಿಲ್ದಾಣದಲ್ಲಿ ಕಾಯುವಾಗಲೂ ಒಬ್ಬರಿಂದ ಒಬ್ಬರು ಎರಡು ಮಾರು ದೂರ ನಿಲ್ಲುತ್ತಾರೆ. ಯಾವ ಊರು, ಎಷ್ಟು ಮಕ್ಕಳು, ಗಂಡನಿಗೆ ಏನು ಕೆಲಸ ಎಂದು ಯಾರೂ ಕೇಳುವುದಿಲ್ಲ. ಮೊದಲ ವಾರ ನನಗೆ ಇದು ಬಹಳ ಹಿತವಾಯಿತು. ಯಾಕೆ ಹಿತವಾಯಿತು ಎಂಬುದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಉಳ್ಳಾಗಡ್ಡಿಯಂಥ ಬೇರು

ನಾನು ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಸಂಶೋಧಕಿ. ನರಗುಂದದ ಕಡೆಯ ಎರಡು ಮನೆಗಳಲ್ಲಿ, ಮಲಪ್ರಭಾ ದಂಡೆಯ ಹೊಳೆಮಣ್ಣೂರಿನ ಒಂದು ಮನೆಯಲ್ಲಿ ಹುಟ್ಟಿದ ಕೆಲವು ಮಕ್ಕಳಿಗೆ ಮೊದಲ ಕೂದಲು ಉದುರಿದ ಮೇಲೆ ಮತ್ತೆ ಒಂದು ಎಳೆಯೂ ಬಂದಿರಲಿಲ್ಲ. ತಲೆ, ಹುಬ್ಬು, ರೆಪ್ಪೆ ಎಲ್ಲವೂ ಬೋಳು. ಉಳಿದಂತೆ ಮಕ್ಕಳು ಗಟ್ಟಿಮುಟ್ಟು. ಈ ಮೂರೂ ಮನೆಯ ಮಕ್ಕಳಲ್ಲಿ ಒಂದೇ ಜೀನು ಒಂದೇ ಜಾಗದಲ್ಲಿ ಕೆಟ್ಟಿರುವುದನ್ನು ನಾವು ಗುರುತಿಸಿದ್ದೆವು. ಆ ಜೀನಿನ ಬಗ್ಗೆ ಯಾರಿಗೂ ಹೆಚ್ಚು ತಿಳಿದಿರಲಿಲ್ಲ. ಅದು ಚರ್ಮದ ಯಾವ ಜೀವಕೋಶಗಳಲ್ಲಿ ಕೆಲಸ ಮಾಡುತ್ತದೆ, ಏನು ಮಾಡುತ್ತದೆ ಎಂದು ತೋರಿಸುವ ಕೌಶಲ ತುರ್ಕುವಿನ ಒಂದು ಪ್ರಯೋಗಾಲಯದಲ್ಲಿತ್ತು. ಅದನ್ನು ಕಲಿಯಲು ಏಳು ವಾರ ಹೋಗಿದ್ದೆ.

ಅಲ್ಲಿಯ ಮುಖ್ಯಸ್ಥೆ ಮರ್ಯಾ, ನನ್ನ ವಯಸ್ಸಿನವರು, ಸೈಕಲ್ಲಿನಲ್ಲಿ ಬರುತ್ತಿದ್ದರು. ಕೈಕೆಲಸ ಕಲಿಸಿದವರು ಯುಹಾ ಎಂಬ ಹಿರಿಯ ತಂತ್ರಜ್ಞರು. ನಿವೃತ್ತಿಗೆ ಇನ್ನು ಒಂದು ವರ್ಷವಿತ್ತು. ಆ ದೇಶದಲ್ಲಿ ಎಲ್ಲರೂ ಎಲ್ಲರನ್ನೂ ಬರಿಯ ಹೆಸರಿನಿಂದ ಕರೆಯುತ್ತಾರೆ. ಅಪ್ಪನ ವಯಸ್ಸಿಗೆ ಹತ್ತಿರದ ಮನುಷ್ಯನನ್ನು ಹೆಸರು ಹಿಡಿದು ಕೂಗುವಾಗ ನನ್ನ ನಾಲಿಗೆ ತಡೆಯುತ್ತಿತ್ತು. ಮನಸ್ಸಿನಲ್ಲೇ ಒಂದು ‘ರಿ’ ಸೇರಿಸಿಕೊಂಡು ಕರೆಯುತ್ತಿದ್ದೆ.

ಕಿತ್ತ ಕೂದಲಿನ ಬುಡವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೊಲದಿಂದ ಆಗತಾನೇ ಕಿತ್ತ ಉಳ್ಳಾಗಡ್ಡಿಯ ಹಾಗೆ ಕಾಣುತ್ತದೆ, ಪದರ ಪದರವಾಗಿ. ಚರ್ಮದ ತೆಳುವಾದ ಸೀಳಿಗೆ ಬಣ್ಣ ಹಾಕಿದಾಗ ನಮ್ಮ ಜೀನು ಕೆಲಸ ಮಾಡುವ ಜೀವಕೋಶಗಳು ಮಾತ್ರ ನೀಲಿಯಾದವು. ಉಳಿದ ಚರ್ಮವೆಲ್ಲ ಬಿಳಿ. ಕೂದಲ ಬುಡದ ಸುತ್ತ ಮಾತ್ರ ಒಂದು ನೀಲಿ ಬಳೆ. ಅದನ್ನು ಮೊದಲ ಸಲ ಕಂಡ ದಿನ ನಾನು ಸ್ಟೂಲಿನಿಂದ ಏಳಲೇ ಇಲ್ಲ. ಯುಹಾ ತಮ್ಮ ಡಬ್ಬಿಯಿಂದ ರೈ ಹಿಟ್ಟಿನ ಒಣ ರೊಟ್ಟಿ ಮುರಿದು ಪಕ್ಕಕ್ಕಿಟ್ಟು ಹೋದರು. ನಮ್ಮ ಖಡಕ್ ರೊಟ್ಟಿಯ ಅಣ್ಣನೋ ತಮ್ಮನೋ ಅನ್ನಬೇಕು, ನಡುವೆ ಒಂದು ತೂತು ಬೇರೆ. ಹಿಂದೆ ಅವರ ಅಜ್ಜಿ ಅಂಥ ರೊಟ್ಟಿಗಳನ್ನು ಕೋಲಿಗೆ ಪೋಣಿಸಿ ಚಳಿಗಾಲವಿಡೀ ಅಟ್ಟಕ್ಕೆ ತೂಗುಹಾಕುತ್ತಿದ್ದಳಂತೆ. ನಾನು ಊರಿನಿಂದ ತಂದ ಜೋಳದ ಖಡಕ್ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಕೊಟ್ಟೆ. ಹಿಂಡಿಯ ಖಾರಕ್ಕೆ ಅವರ ಕಿವಿ ಕೆಂಪಾದವು. ಒಂದು ಲೋಟ ಹಾಲು ಕುಡಿದು, ಮತ್ತೊಂದು ಚಮಚ ಹಾಕಿಸಿಕೊಂಡರು.

ಆ ನೀಲಿ ಬಳೆಯನ್ನು ನೋಡುವಾಗ ನನಗೆ ಹೊಳೆಮಣ್ಣೂರಿನ ರೇಣವ್ವ ನೆನಪಾಗುತ್ತಿದ್ದಳು. ಎರಡು ವರ್ಷದ ಹಿಂದೆ ಆಕೆಯ ಆರು ವರ್ಷದ ಮಗಳ ರಕ್ತ ತೆಗೆದುಕೊಳ್ಳಲು ಹೋಗಿದ್ದೆ. ನೆರೆ ಬಂದು ಹೋದ ಗುರುತು ಗೋಡೆಯ ಮೇಲೆ ಇನ್ನೂ ಇತ್ತು. ರೇಣವ್ವ ಚಹಾ ಕೊಟ್ಟು, ಅತ್ತೆ ಹಿತ್ತಲಿಗೆ ಹೋದದ್ದನ್ನು ನೋಡಿಕೊಂಡು, ಮೆಲ್ಲಗೆ ಕೇಳಿದಳು:

“ಜವಳ ತಗಿಸಿದ್ದು ತಪ್ಪಾತೇನ್ರಿ ಮೇಡಂ? ಆವತ್ತ ತಗದ ಕೂದಲಾ ತಿರುಗಿ ಬರಲಿಲ್ಲ. ನಮ್ಮತ್ತಿ ದಿನಾ ಅದನ್ನ ಅಂತಾರ್ರಿ.”

ನಾನು ಆಕೆಯ ಕೈ ಹಿಡಿದು ಹೇಳಿದೆ. “ಜವಳ ತಗಿಸಿದ್ದಕ್ಕ ಹಿಂಗಾಗಿಲ್ರಿ. ತಗಿಸದಿದ್ರೂ ಅದು ಉದುರತಿತ್ತು. ನಿಮ್ಮ ತಪ್ಪು ಏನೂ ಇಲ್ಲ. ಇದರಾಗ ನಾಚಿಕೊಳ್ಳೂದು ಏನೈತ್ರಿ?”

ರೇಣವ್ವನ ಕಣ್ಣು ತುಂಬಿದವು. ಸ್ವಲ್ಪ ಹೊತ್ತಿನ ಮೇಲೆ, ನಿಮ್ಮದು ಯಾವ ಊರು ಎಂದು ಕೇಳಿದಳು. ಧಾರವಾಡ ಎಂದೆ. ಹುಟ್ಟಿದ್ದೂ ಅಲ್ಲೇ ಏನು ಎಂದಳು. ಹೌದು ಎಂದೆ.

ಹನ್ನೊಂದನೆಯ ಕೊಳವೆ

ಮೂರನೆಯ ವಾರ ನನ್ನ ವಸತಿಗೃಹದ ಬಟ್ಟೆ ಒಗೆಯುವ ಕೋಣೆಯಲ್ಲಿ ಒಂದು ಅವಾಂತರವಾಯಿತು. ಅಲ್ಲಿ ಯಂತ್ರಕ್ಕೆ ಪಾಳಿ ಇರುತ್ತದೆ, ಗೋಡೆಯ ಹಾಳೆಯಲ್ಲಿ ಹೆಸರು ಬರೆಯಬೇಕು. ನನಗದು ಗೊತ್ತಿರಲಿಲ್ಲ. ಬೇರೆಯವರ ಪಾಳಿಯಲ್ಲಿ ನನ್ನ ಸೀರೆ ಒಗೆದುಕೊಂಡೆ. ಮರಳಿ ಬಂದಾಗ ಯಂತ್ರದ ಮೇಲೆ ಒಂದು ಚೀಟಿ: “ಈ ಹೊತ್ತು ನನ್ನದಾಗಿತ್ತು.” ಅಷ್ಟೇ, ಬೈಗುಳವಿಲ್ಲ. ಒದ್ದೆ ಸೀರೆಯನ್ನು ಯಾರೋ ನೀಟಾಗಿ ಮಡಿಸಿಟ್ಟಿದ್ದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಮಡಿಕೆ ನೋಡಿ ಮುಖ ಬಿಸಿಯಾಯಿತು.

ಅದೇ ವಾರ ನಾನು ತಂದ ಕೂದಲ ಮಾದರಿಗಳ ಫಲಿತಾಂಶ ಬಂತು. ಮಕ್ಕಳಲ್ಲಿ ಕಂಡ ದೋಷ ಆರೋಗ್ಯವಂತರಲ್ಲಿ ಇಲ್ಲವೆಂದು ತೋರಿಸಲು ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಇಪ್ಪತ್ತು ಜನರ ಕೂದಲನ್ನು ಬೇರು ಸಮೇತ ತಂದಿದ್ದೆ. ಇವರೆಲ್ಲರಿಗೂ ತಲೆ ತುಂಬ ಕೂದಲು. ಮನೆಯಲ್ಲಿ ಯಾರಿಗೂ ಈ ತೊಂದರೆ ಇಲ್ಲವೆಂದು ಬರೆದು ಸಹಿ ಮಾಡಿದವರು. ಹತ್ತೊಂಬತ್ತು ಮಾದರಿ ಸರಿಯಾಗಿದ್ದವು. ಹನ್ನೊಂದನೆಯದರಲ್ಲಿ ಮಾತ್ರ, ಆ ಒಂದೇ ಜಾಗದಲ್ಲಿ, ಎರಡು ಗೆರೆ ಒಂದರ ಮೇಲೊಂದು ಎದ್ದಿದ್ದವು. ಒಂದು ಸರಿಯಾದ ಪ್ರತಿ, ಒಂದು ಕೆಟ್ಟ ಪ್ರತಿ.

ಮರ್ಯಾ ಪರದೆಯ ಮುಂದೆ ಬಹಳ ಹೊತ್ತು ನಿಂತರು. ಆರೋಗ್ಯವಂತರ ಮನೆಯಲ್ಲಿ ಈ ದೋಷ ಹೀಗೆ ಬರುವ ಸಂಭವ ಬಹಳ ಕಡಿಮೆ, ರೋಗಿಯ ಕೊಳವೆಯಿಂದ ಒಂದು ಹನಿ ಇದರೊಳಗೆ ಬೆರೆತರೂ ಚಿತ್ರ ಹೀಗೆಯೇ ಬರುತ್ತದೆ ಎಂದರು. ಮಾದರಿಗಳು ಬಂದ ದಿನ ಅವನ್ನು ಸಣ್ಣ ಕೊಳವೆಗಳಿಗೆ ಹಂಚಿದವರು ಯುಹಾ. ಯುಹಾ ತಮ್ಮ ಟಿಪ್ಪಣಿ ಪುಸ್ತಕ ತೆರೆದು ಆ ದಿನದ ಪುಟವನ್ನು ಎರಡು ಸಲ ಓದಿದರು. ಎಚ್ಚರದಿಂದಲೇ ಮಾಡಿದ್ದೆ, ಆದರೆ ತಪ್ಪು ಆಗಿರಲೂಬಹುದು ಎಂದರು. ಎಲ್ಲವನ್ನೂ ಮತ್ತೆ ಪರೀಕ್ಷಿಸಿದರು. ಹನ್ನೊಂದು ಮತ್ತೆ ಹಾಗೆಯೇ ಬಂತು. ಆ ದಿನ ಹಂಚಿದ ಮಾದರಿಗಳನ್ನೆಲ್ಲ ನಂಬುವಂತಿಲ್ಲವೆಂದು ಬದಿಗಿಟ್ಟರು. ಸದ್ಯಕ್ಕೆ ಈ ಕೆಲಸವನ್ನು ಇನ್ನೊಬ್ಬರಿಗೆ ಬಿಡಿ ಎಂದು ಮರ್ಯಾ ಯುಹಾ ಅವರಿಗೆ ಮೆತ್ತಗೆ ಹೇಳಿದರು. ಯುಹಾ ತಲೆಯಾಡಿಸಿ, ತಮ್ಮ ಹೆಸರಿನ ಪಿಪೆಟ್ಟುಗಳನ್ನು ಒರೆಸಿ ಗೂಡಿನಲ್ಲಿಟ್ಟರು.

ನಾನು ಅಲ್ಲೇ ನಿಂತಿದ್ದೆ. ಹನ್ನೊಂದು ಯಾರೆಂದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಹನ್ನೊಂದು ನಾನು.

ಧಾರವಾಡದಲ್ಲಿ ಮಾದರಿ ಕೂಡಿಸುವಾಗ ಒಬ್ಬರು ಕೊನೆಗೆ ಬರಲಿಲ್ಲ. ನೀವೂ ಆ ಕಡೆಯವರೇ ಅಲ್ಲವೇ, ನಿಮ್ಮದೇ ನಾಲ್ಕು ಎಳೆ ಕೊಡಿ ಎಂದು ಸಹೋದ್ಯೋಗಿ ಫಾರ್ಮು ಮುಂದಿಟ್ಟ. ಮನೆಯಲ್ಲಿ ಯಾರಿಗಾದರೂ ಹುಟ್ಟಿನಿಂದ ಕೂದಲಿಲ್ಲದ ತೊಂದರೆ ಇದೆಯೇ ಎಂಬ ಪ್ರಶ್ನೆಯ ಎದುರು ನಾನು ‘ಇಲ್ಲ’ ಎಂದು ಬರೆದೆ. ಯೋಚಿಸಿ ಬರೆದದ್ದಲ್ಲ. ಬದುಕಿನುದ್ದಕ್ಕೂ ಹೇಳಿ ರೂಢಿಯಾದ ಮಾತನ್ನೇ ಬರೆದೆ.

ನನಗೆ ಒಬ್ಬ ಅಕ್ಕ ಇದ್ದಾಳೆ. ನೀಲಕ್ಕ. ಗಜೇಂದ್ರಗಡದಲ್ಲಿ ನಮ್ಮ ಹಳೆಯ ಓಣಿಯಲ್ಲೇ ಕುಪ್ಪಸ ಹೊಲಿಯುತ್ತಾಳೆ. ಅವಳ ತಲೆಯ ಮೇಲೆ ಒಂದು ಎಳೆ ಕೂದಲಿಲ್ಲ. ಜವಳ ತೆಗೆಸಿದ ಮೇಲೆ ಬರಲೇ ಇಲ್ಲ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಅವಳನ್ನು ರೋಣದ ಅತ್ತೆಯ ಮನೆಗೆ ಕಳಿಸಿದ್ದರು. ಮದುವೆಯ ಮನೆಯಲ್ಲಿ, ಟೈಫಾಯಿಡ್ ಬಂದು ಉದುರಿದವು ಎಂದು ಹೇಳಿದೆವು. ಧಾರವಾಡಕ್ಕೆ ಬಂದ ಮೇಲೆ ಅದನ್ನೂ ಹೇಳಬೇಕಾಗಲಿಲ್ಲ. ಅಕ್ಕ ಇದ್ದಾಳೆಂಬುದನ್ನೇ ಬಿಟ್ಟುಬಿಟ್ಟೆ. ನಾನು ಈ ವಿಷಯವನ್ನೇ ಓದಿದ್ದು ಅವಳಿಂದಾಗಿ. ಆದರೆ ಕೇಳಿದವರಿಗೆ ಬೇರೆ ಕಾರಣ ಹೇಳುತ್ತಿದ್ದೆ.

ನಾಲ್ಕು ದಿನ ಬಾಯಿ ಬಿಡಲಿಲ್ಲ. ಬೆಳಿಗ್ಗೆ ಹೋಗಿ, ಬಾಗಿಲಲ್ಲಿ ಎಲ್ಲರಂತೆ ಹೊರಗಿನ ಬೂಟು ಕಳಚಿ ಒಳಗಿನದನ್ನು ಹಾಕಿಕೊಂಡು, ಯುಹಾ ಇಲ್ಲದ ಮೇಜಿನ ಪಕ್ಕ ಕೆಲಸ ಮಾಡಿದೆ. ಸುಳ್ಳಿಗೆ ಕಾರಣಗಳನ್ನೂ ಹೊಂದಿಸಿಕೊಂಡೆ. ಆ ಒಂದು ಮಾದರಿಯನ್ನು ಬಿಟ್ಟರೆ ಫಲಿತಾಂಶಕ್ಕೇನೂ ಕೊರತೆಯಿಲ್ಲ, ಯುಹಾ ಹೇಗೂ ನಿವೃತ್ತರಾಗುವವರು, ಅವರನ್ನು ಯಾರೂ ಬೈಯಲಿಲ್ಲ. ಮಧ್ಯಾಹ್ನ ಊಟದ ಕೋಣೆಯಲ್ಲಿ ಅವರು ಎಂದಿನಂತೆ ರೊಟ್ಟಿಯ ಡಬ್ಬಿಯನ್ನು ನನ್ನ ಕಡೆ ಸರಿಸುತ್ತಿದ್ದರು. ನಾನು ತೆಗೆದುಕೊಂಡು ತಿನ್ನುತ್ತಿದ್ದೆ. ಅದೇ ಇವತ್ತಿಗೂ ನನ್ನನ್ನು ಹೆಚ್ಚು ಚುಚ್ಚುವುದು.

ಔರಾ ನದಿಯ ಫೆರಿ

ತುರ್ಕುವಿನ ನಡುವೆ ಔರಾ ನದಿ ಹರಿಯುತ್ತದೆ. ಫೋಟೋದಲ್ಲಿ ನೀಲಿಯಾಗಿ ಕಾಣುವ ನದಿ ಎದುರಿಗೆ ನಿಂತರೆ ಮಣ್ಣಿನ ಬಣ್ಣ, ಹೊಳೆಆಲೂರಿನ ಸೇತುವೆಯ ಮೇಲಿಂದ ಮಳೆಗಾಲದಲ್ಲಿ ಕಾಣುವ ಮಲಪ್ರಭೆಯ ಹಾಗೆ. ಆದರೆ ಈ ನೀರಿಗೆ ಅವಸರವಿಲ್ಲ. ದಂಡೆಯ ಮನೆಗಳವರು ನೀರಿನ ಅಂಚಿಗೇ ಹೂವಿನ ಕುಂಡ ಇಟ್ಟಿರುತ್ತಾರೆ. ಊರಿನ ಕೆಳಭಾಗದಲ್ಲಿ ಕಿತ್ತಳೆ ಬಣ್ಣದ ಪುಟ್ಟ ಫೆರಿಯೊಂದು ಈ ದಂಡೆಯಿಂದ ಆ ದಂಡೆಗೆ ದಿನವಿಡೀ ಓಡಾಡುತ್ತದೆ. ದಾಟಲು ಎರಡು ನಿಮಿಷವೂ ಬೇಡ. ಯುಹಾ ಅವರ ಮನೆ ಆಚೆ ದಂಡೆಯಲ್ಲಿತ್ತು.

ಐದನೆಯ ದಿನ ಸಂಜೆ ಅವರ ಹಿಂದೆಯೇ ನಡೆದು ಫೆರಿ ಹತ್ತಿದೆ. ಸೈಕಲ್ಲು ಹಿಡಿದ ನಾಲ್ಕು ಜನ, ನಾಯಿ ಹಿಡಿದ ಒಬ್ಬಾಕೆ. ಯುಹಾ ಕಟಕಟೆಗೆ ಒರಗಿ ನಿಂತಿದ್ದರು. ಮಾತು ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ, ಹನ್ನೊಂದನೆಯ ಕೂದಲು ನನ್ನದು ಎಂದುಬಿಟ್ಟೆ.

ಅವರು ನನ್ನ ತಲೆಯನ್ನು ನೋಡಿದರು. ಸೊಂಟದವರೆಗಿನ ನನ್ನ ಜಡೆಯನ್ನು ಅಲ್ಲಿ ಎಲ್ಲರೂ ನೋಡುತ್ತಿದ್ದರು.

ಅಕ್ಕನ ವಿಷಯ ಹೇಳಿದೆ. ಅವ್ವ ಅಪ್ಪ ಸೋದರ ಸಂಬಂಧದವರು, ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇದ್ದಿರಬೇಕು. ಅಕ್ಕನಿಗೆ ಎರಡೂ ಬಂದವು, ನನಗೆ ಒಂದೇ ಬಂತು, ಒಂದಿದ್ದವರಿಗೆ ಕೂದಲು ಬರುತ್ತದೆ ಎಂದೆ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆಚೆ ದಂಡೆ ಬಂತು. ಎಲ್ಲರೂ ಇಳಿದರು. ಯುಹಾ ಇಳಿಯಲಿಲ್ಲ. ಫೆರಿ ನಮ್ಮನ್ನು ಮತ್ತೆ ಈಚೆ ದಂಡೆಗೆ ತಂದಿತು, ಮತ್ತೆ ಆಚೆಗೆ ಒಯ್ಯಿತು. ಮೂರು ಸಲ ದಾಟಿದೆವು. ಅವರು ಒಂದು ಮಾತೂ ಆಡಲಿಲ್ಲ. ಆ ದೇಶದ ಮೌನ ನನಗೆ ಹಿತವೆನಿಸಿತ್ತು ಎಂದೆನಲ್ಲ, ಆವತ್ತು ಅದು ಎದೆಯ ಮೇಲೆ ಕಲ್ಲು ಹೇರಿದ ಹಾಗಿತ್ತು.

ಕೊನೆಗೆ ಇಳಿಯುವಾಗ ಹೇಳಿದರು: “ನನ್ನ ಕೈ ಕೆಟ್ಟಿತು ಅಂದುಕೊಂಡಿದ್ದೆ. ನಾಲ್ಕು ದಿನ ನನ್ನ ಹೆಂಡತಿಗೂ ಹೇಳಿರಲಿಲ್ಲ.” ಸ್ವಲ್ಪ ದೂರ ಹೋಗಿ ನಿಂತು, “ನಾಳೆ ಮರ್ಯಾ ಎಂಟಕ್ಕೆ ಬರುತ್ತಾರೆ” ಎಂದರು.

ಎಂಟಕ್ಕೆ ಹೋಗಿ ಹೇಳಿದೆ. ಮರ್ಯಾ ಸಿಟ್ಟಾಗಲಿಲ್ಲ. ಎಲ್ಲರನ್ನೂ ಕರೆದು, ಅವರ ಭಾಷೆಯಲ್ಲಿ ಯುಹಾ ಅವರ ಕ್ಷಮೆ ಕೇಳಿದರು. ಮಾತು ತಿಳಿಯದಿದ್ದರೂ ಏನು ಹೇಳುತ್ತಿದ್ದಾರೆಂದು ತಿಳಿಯಿತು. ನನಗೆ, ನಿಮ್ಮ ಮಾದರಿಯನ್ನು ಪಟ್ಟಿಯಿಂದ ತೆಗೆಯುತ್ತೇವೆ, ಸುಳ್ಳು ಬರೆದ ಸಂಗತಿಯನ್ನು ಧಾರವಾಡದ ಮುಖ್ಯಸ್ಥರಿಗೆ ನೀವೇ ತಿಳಿಸಬೇಕು ಎಂದರು. ಆಮೇಲೆ, ಇಷ್ಟೆಲ್ಲ ನಿಮ್ಮ ಅಕ್ಕನಿಗೆ ಗೊತ್ತೇ ಎಂದು ಕೇಳಿದರು. ಇಲ್ಲ ಎಂದೆ. ಅವರು ನನ್ನನ್ನು ನೋಡುವುದನ್ನು ಬಿಟ್ಟು ಕಿಟಕಿಯ ಕಡೆ ನೋಡಿದರು.

ಯುಹಾ ತಮ್ಮ ಮೇಜಿಗೆ ಮರಳಿದರು. ನನ್ನೊಡನೆ ಮೊದಲಿನಂತೆಯೇ ಇದ್ದರು. ಆದರೆ ಆಮೇಲೆ ಪ್ರತಿ ಕೊಳವೆಯ ಮೇಲೆ ಸಂಖ್ಯೆ ಬರೆದು, ಇನ್ನೊಬ್ಬರನ್ನು ಕರೆದು ಓದಿಸತೊಡಗಿದರು. ಮೊದಲು ಹಾಗೆ ಮಾಡುತ್ತಿರಲಿಲ್ಲ. ಆ ಸಂದೇಹವನ್ನು ಅವರ ಕೈಗೆ ಹಚ್ಚಿದವಳು ನಾನು. ಅದು ನನ್ನ ಒಪ್ಪಿಗೆಯ ಮಾತಿನಿಂದ ಹೋಗಲಿಲ್ಲ.

ಶನಿವಾರ, ನದಿಯ ದಂಡೆ

ಶನಿವಾರ ಮಧ್ಯಾಹ್ನ ನದಿಯ ಪಕ್ಕದ ಬೆಂಚಿನ ಮೇಲೆ ಕುಳಿತು ನೀಲಕ್ಕನಿಗೆ ಫೋನು ಹಚ್ಚಿದೆ. ಗಜೇಂದ್ರಗಡದಲ್ಲಿ ಸಂಜೆಯಾಗಿರಬೇಕು, ಹಿಂದೆ ಹಾಲಿನವನ ಸದ್ದು ಕೇಳುತ್ತಿತ್ತು. ಊಟದ ವಿಷಯ, ಚಳಿಯ ವಿಷಯ ಕೇಳಿದಳು. ನಾನು ಎಲ್ಲವನ್ನೂ ಹೇಳಿದೆ. ಫಾರ್ಮಿನಲ್ಲಿ ಬರೆದದ್ದನ್ನೂ ಹೇಳಿದೆ.

ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಕೇಳಿದಳು: “ನೀ ಹೊಳೆಮಣ್ಣೂರಿಗೆ ಬಂದು ಹ್ವಾದದ್ದು ನನಗ ಆವಾಗ ಗೊತ್ತಾಗಿತ್ತು. ಬಸ್ಸಿನ್ಯಾಗ ಯಾರೋ ಅಂದ್ರು, ಧಾರವಾಡದಿಂದ ಶೈಲಾ ಅಂತ ಮೇಡಂ ಒಬ್ರು ಬಂದಿದ್ರು, ತಲಿ ಬೋಳ ಇದ್ದ ಮಕ್ಕಳನ್ನ ನೋಡ್ಕೋತ ಅಂತ. ಅಲ್ಲಿಂದ ನಮ್ಮನಿ ಎಷ್ಟು ದೂರ ಐತಿ ಶೈಲಾ?”

ಉತ್ತರಕ್ಕೆ ಅವಳು ಕಾಯಲಿಲ್ಲ.

“ಇರಲಿ. ಈಗರೆ ಇದು ಏನಂತ ಗೊತ್ತಾತಲ್ಲ. ಹ್ಯಾಂಗ ಬರತೈತಿ ಇದು?”

ಅವ್ವನಿಂದ ಒಂದು, ಅಪ್ಪನಿಂದ ಒಂದು ಎಂದು ವಿವರಿಸಿದೆ. ಅವಳು ನಿಧಾನವಾಗಿ, ಒಂದೊಂದೇ ಪದ ಹೊಲಿದ ಹಾಗೆ ಕೇಳಿದಳು. “ಹಂಗಾರ ಜವಳ ತಗಿಸಿದ್ದಕ್ಕಲ್ಲ?”

“ಅಲ್ಲ ಅಕ್ಕಾ.”

“ಅವ್ವ ಅಮಾವಾಸಿ ಮುಂದ ಜವಳ ತಗಿಸಿಬಿಟ್ಟೆ ಅಂತ ಸಾಯೂತನಕ ಅಂದ್ಲು. ಹ್ವಾದ ವರ್ಷ ದವಾಖಾನ್ಯಾಗ ಮಲಗಿದಾಗೂ ನನ್ನ ತಲಿ ಮ್ಯಾಲ ಕೈ ಇಟ್ಟು ಅದನ್ನ ಅಂದ್ಲು. ನಿನಗ ಇದು ಯಾವಾಗ ಗೊತ್ತಾತು?”

ಎರಡು ವರ್ಷದ ಹಿಂದೆ ಎಂದು ಹೇಳಲು ನನಗೆ ಆಗಲಿಲ್ಲ. ಹೇಳದಿದ್ದರೂ ಅವಳಿಗೆ ತಿಳಿಯಿತು. ಹೊಳೆಮಣ್ಣೂರಿನಲ್ಲಿ ಗುರುತಿಲ್ಲದ ತಾಯಿಯ ಕೈ ಹಿಡಿದು ಹೇಳಿದ ಮಾತನ್ನು ನನ್ನ ತಾಯಿಗೆ ಹೇಳಿರಲಿಲ್ಲ. ಆಗ ಅವ್ವ ಇನ್ನೂ ಇದ್ದಳು. ಹಬ್ಬಕ್ಕೆ ಹೋಗಿ ಅವಳ ಎದುರು ಕುಳಿತು ಊಟ ಮಾಡಿ ಬಂದಿದ್ದೆ. ಮಾತೆತ್ತಿದರೆ ಅದು ಮನೆಯ ಹೊರಗೆ ಹೋಗುತ್ತದೆ, ಧಾರವಾಡದವರೆಗೆ ಬರುತ್ತದೆ ಎಂಬ ಅಂಜಿಕೆಯಿಂದ ಸುಮ್ಮನಿದ್ದೆ.

“ನನಗ ಬಿಡು,” ಎಂದಳು ನೀಲಕ್ಕ. “ಅಕಿಗರೆ ಹೇಳಬೇಕಿತ್ತು.”

ಫೋನು ಇಟ್ಟಳು. ಎದುರಿನ ದಂಡೆಯಲ್ಲಿ ಒಬ್ಬ ಮುದುಕ ಮೊಮ್ಮಗುವಿಗೆ ಸೇಬು ಹೆಚ್ಚಿ ಕೊಡುತ್ತಿದ್ದ. ಬೆಂಚಿನ ಇನ್ನೊಂದು ತುದಿಗೆ ಬಂದು ಕುಳಿತ ಹೆಂಗಸು ನಾನು ಅಳುವುದನ್ನು ಕಂಡಳು. ಏನೂ ಕೇಳಲಿಲ್ಲ. ಆದರೆ ಎದ್ದೂ ಹೋಗಲಿಲ್ಲ. ನಾನು ಏಳುವ ತನಕ ಅಲ್ಲೇ ಇದ್ದಳು.

ಗಜೇಂದ್ರಗಡ

ಉಳಿದ ವಾರಗಳ ಕೆಲಸ ಮುಗಿಸಿ ಮರಳಿದೆ. ಧಾರವಾಡದ ಮುಖ್ಯಸ್ಥರಿಗೆ ನನ್ನ ಪತ್ರ ತುರ್ಕುವಿನಿಂದಲೇ ಹೋಗಿತ್ತು. ಮುಂದೆ ಏನಾಗುತ್ತದೆಂದು ಕಾಯಬೇಕಿತ್ತು. ವಿಮಾನದಿಂದ ಇಳಿದು ಹುಬ್ಬಳ್ಳಿಗೆ ಬಂದವಳು ಮನೆಗೆ ಹೋಗದೆ ಗದಗಿನ ಬಸ್ಸು ಹಿಡಿದೆ. ಗಂಡನಿಗೆ ಹೆಲ್ಸಿಂಕಿಯಿಂದಲೇ ಫೋನಿನಲ್ಲಿ ಎಲ್ಲ ಹೇಳಿದ್ದೆ. ಅವರು ಒಂದೇ ಮಾತು ಕೇಳಿದರು, ಇಷ್ಟು ವರ್ಷ ನನ್ನನ್ನು ಏನೆಂದುಕೊಂಡಿದ್ದೆ ಎಂದು.

ಗದಗಿನಿಂದ ಗಜೇಂದ್ರಗಡದ ಬಸ್ಸಿನಲ್ಲಿ ಮೂರು ಜನರ ಸೀಟಿಗೆ ನಾಲ್ಕು ಜನ ಕುಳಿತಿದ್ದೆವು. ಪಕ್ಕದವಳು ನನ್ನ ತೊಡೆಯ ಮೇಲೆ ತನ್ನ ಕೂಸನ್ನು ಕೂರಿಸಿ ಚೀಲ ಸರಿಪಡಿಸಿಕೊಂಡಳು. ಎಲ್ಲಿಗೆ ಎಂದು ಕೇಳಿದಳು. ಅಕ್ಕನ ಮನೆಗೆ ಎಂದೆ. ಎಷ್ಟು ವರ್ಷಗಳ ಮೇಲೆ ಆಡಿದ ಮಾತೋ ಅದು. ಆಕೆಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ.

ನೀಲಕ್ಕ ಹೊಲಿಗೆ ಯಂತ್ರದ ಮುಂದೆ ಇದ್ದಳು, ತಲೆ ತುಂಬ ಸೆರಗು. ಎದುರಿಗೆ ಓಣಿಗೆ ಹೊಸದಾಗಿ ಬಂದ ನೇಕಾರರ ಮನೆಯ ಹೆಣ್ಣುಮಗಳೊಬ್ಬಳು ಕುಪ್ಪಸದ ಬಟ್ಟೆ ಹಿಡಿದು ಕುಳಿತಿದ್ದಳು. ನಾನು ಚಪ್ಪಲಿ ಬಿಟ್ಟು ಒಳಗೆ ಬಂದೆ. ಅಕ್ಕ ತಲೆಯೆತ್ತಿ ನೋಡಿದಳು. ಸಿಟ್ಟು ಇರಬಹುದೆಂದು ಹುಡುಕಿದೆ, ಕಾಣಲಿಲ್ಲ.

ಆ ಹೆಣ್ಣುಮಗಳು ನನ್ನ ಸೂಟ್‌ಕೇಸು, ಕೋಟು ನೋಡಿ, ಇವರು ಯಾರು ಎಂದು ಕೇಳಿದಳು.

“ಧಾರವಾಡದ ಮೇಡಂ ರೀ,” ಎಂದಳು ನೀಲಕ್ಕ, ದಾರ ಕಡಿಯುತ್ತ. “ದೊಡ್ಡವರು. ಏನೋ ಕೆಲಸಕ್ಕ ಬಂದಾರ.”

ಅಷ್ಟು ಸಲೀಸಾಗಿ ಹೇಳಿದಳು. ಯೋಚಿಸಲೂ ಇಲ್ಲ. ನಾನು ಅವಳನ್ನು ಮುಚ್ಚಿಟ್ಟೆ ಎಂದುಕೊಂಡಿದ್ದೆ. ಈ ಓಣಿಯಲ್ಲಿ, ಈ ಯಂತ್ರದ ಮುಂದೆ, ನನಗೆ ತೊಂದರೆಯಾಗಬಾರದೆಂದು ಎಷ್ಟೋ ವರ್ಷಗಳಿಂದ ಅವಳೂ ನನ್ನನ್ನು ಮುಚ್ಚಿಟ್ಟುಕೊಂಡು ಬಂದಿದ್ದಳು.

“ನಾ ಇಕಿ ತಂಗಿ ರೀ,” ಎಂದೆ. “ಸ್ವಂತ ತಂಗಿ.”

ಹೆಣ್ಣುಮಗಳು ನನ್ನ ಜಡೆಯನ್ನೂ ಅಕ್ಕನ ಸೆರಗನ್ನೂ ನೋಡಿದಳು. ಹೌದೇನ್ರಿ ಎಂದು, ಮತ್ತೆ ತೋಳಿನ ಅಳತೆಯ ಮಾತಿಗೆ ಹೋದಳು. ನೀಲಕ್ಕ ಅಳತೆ ಬರೆದುಕೊಂಡಳು, ಬುಧವಾರ ಬರ್ರಿ ಎಂದು ಕಳಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಲಗೂ ಹೇಳಲಿಲ್ಲ ನೀ,” ಎಂದಳು. “ಒಂದೀಟು ತಡಾ ಮಾಡಿದಿ.”

ಹೌದು, ತಡ ಮಾಡಿದ್ದೆ. ಒಂದು ಉಸಿರಿನಷ್ಟು. ಅದು ಯಾರಿಗೂ ತಿಳಿಯಲಿಲ್ಲವೆಂದು ಅಷ್ಟರೊಳಗೇ ಸಮಾಧಾನ ಮಾಡಿಕೊಂಡಿದ್ದೆ. ಅವಳು ಎದ್ದು ಒಳಗೆ ಹೋದಳು. ಕೈಕಾಲು ತೊಳೆದುಕೊ ಎಂದು ಅಲ್ಲಿಂದಲೇ ಹೇಳಿದಳು.